ಬುದ್ಧಿಜೀವಿ ಅಂದರೆ ಸಾಲದು

ರಷ್ಯನ್ ಕತೆಯೊಂದನ್ನು ನೇರವಾಗಿ ಕನ್ನಡಕ್ಕೆ ತರುತ್ತಿದ್ದೇನೆ. ಎರಡು ವಾರದಿಂದ ಒಂದೇ ಪದಕ್ಕೆ ಅಂಟಿಕೊಂಡು ಕೂತಿದ್ದೇನೆ. 'ಇಂತೆಲಿಗೆಂತ್ನಿ'. ಕತೆಯಲ್ಲಿ ಒಬ್ಬ ಹೆಂಗಸು ತನ್ನ ಪಕ್ಕದ ಮನೆಯ ಮುದುಕನನ್ನು ನೆನೆಸಿಕೊಂಡು, ಆತ ಬಹಳ ಇಂತೆಲಿಗೆಂತ್ನಿ ಮನುಷ್ಯ ಅನ್ನುತ್ತಾಳೆ. ಮುದುಕ ಓದಿದ್ದು ನಾಲ್ಕೇ ವರ್ಷ, ಮಾಡಿದ್ದು ಬಾಯ್ಲರಿಗೆ ಕಲ್ಲಿದ್ದಲು ಹಾಕುವ ಕೆಲಸ. ಇಂಗ್ಲಿಷಿನ ಇಂಟೆಲಿಜೆಂಟ್ ನೆನಪಾಗಿ 'ಬುದ್ಧಿವಂತ' ಅಂತ ಬರೆದರೆ ಅರ್ಥ ಕೆಟ್ಟಿತು. ನಿಘಂಟಿನ ಮಾತು ಕೇಳಿ 'ಬುದ್ಧಿಜೀವಿ' ಅಂತ ಬರೆದರೆ ಇನ್ನೂ ಕೆಟ್ಟಿತು.

ಈ ಪದ ಹುಟ್ಟಿದ ಮನೆ ನೋಡಿದರೆ ಕಷ್ಟ ಯಾಕೆಂದು ತಿಳಿಯುತ್ತದೆ. ಬೇರು ಲ್ಯಾಟಿನ್. ರಷ್ಯಾದಲ್ಲಿ ಓದಿದವರ ಇಡೀ ವರ್ಗವನ್ನು ಕರೆಯುವ 'ಇಂತೆಲಿಗೆನ್ತ್ಸಿಯ' ಅನ್ನುವ ಸಮೂಹವಾಚಕ ಬಳಕೆಗೆ ಬಂದದ್ದು 1860ರ ದಶಕದಲ್ಲಿ. ಅದನ್ನು ಚಲಾವಣೆಗೆ ತಂದವನು ತಾನೇ ಎಂದು ಕಾದಂಬರಿಕಾರ ಬೊಬೊರಿಕಿನ್ ಹೇಳಿಕೊಂಡಿದ್ದರು. ಆ ಕಾಲದ ರಷ್ಯಾದಲ್ಲಿ ಮನುಷ್ಯನ ಬೆಲೆ ಅವನ ದರ್ಜೆಯಿಂದ. ಪೀಟರ್ ದೊರೆ 1722ರಲ್ಲಿ ಸರ್ಕಾರಿ ಸೇವೆಗೆ 14 ದರ್ಜೆಗಳ ಪಟ್ಟಿ ಮಾಡಿಟ್ಟಿದ್ದ. ಕುಲೀನರೂ ಅಲ್ಲದ, ರೈತರೂ ಅಲ್ಲದ, ಓದಿನ ಬಲದಿಂದಲೇ ಮೇಲೆ ಬಂದವರಿಗೆ 'ರಜ್ನೊಚಿನ್ತ್ಸಿ' ಎಂಬ ಹೆಸರು ಬಿತ್ತು. ರಜ್ನಿ ಅಂದರೆ ಬೇರೆಬೇರೆ, ಚಿನ್ ಅಂದರೆ ದರ್ಜೆ. ಪಾದ್ರಿಯ ಮಗ, ಡಾಕ್ಟರ ಮಗ, ಸಣ್ಣ ಗುಮಾಸ್ತನ ಮಗ. ವಿಮರ್ಶಕ ಬೆಲಿನ್‌ಸ್ಕಿ ನೌಕಾಪಡೆಯ ವೈದ್ಯರೊಬ್ಬರ ಮಗ. ಮಾಸ್ಕೋ ವಿಶ್ವವಿದ್ಯಾಲಯದಿಂದ ಹೊರದಬ್ಬಿಸಿಕೊಂಡು, ಪತ್ರಿಕೆಗಳಿಗೆ ಬರೆದೇ ಹೊಟ್ಟೆ ಹೊರೆದು, 36ಕ್ಕೇ ತೀರಿಹೋದರು. ಚೆರ್ನಿಶೆವ್‌ಸ್ಕಿ ಸರಾತೊವ್ ಊರಿನ ಪಾದ್ರಿಯ ಮಗ; ಬರೆದದ್ದಕ್ಕೆ ಸಿಕ್ಕಿದ್ದು ಕೋಟೆಯ ಸೆರೆಮನೆ, ಆಮೇಲೆ ಸೈಬೀರಿಯ. ಜೀತದ ರೈತರ ಬೆವರಿನಿಂದ ನಡೆಯುತ್ತಿದ್ದ ದೇಶದಲ್ಲಿ ತಾವು ಅಕ್ಷರ ಕಲಿತೆವಲ್ಲ, ಆ ಋಣ ತೀರಿಸಬೇಕು ಎಂಬ ಸಂಕಟ ಈ ಪೀಳಿಗೆಯನ್ನು ಬಿಡಲಿಲ್ಲ. ಓದಿಗೆ ಋಣ ಅಂಟಿಕೊಂಡಿತು. ಈ ಋಣದ ಭಾರ ಬಿಟ್ಟರೆ 'ಇಂತೆಲಿಗೆಂತ್', ಅಂದರೆ ಆ ವರ್ಗದ ಒಬ್ಬ ಮನುಷ್ಯ, ಎಂಬ ಪದಕ್ಕೆ ಜೀವವೇ ಇಲ್ಲ ಅಂತ ನನಗೆ ಅನಿಸುತ್ತದೆ.

ಬರೆಯುವವರನ್ನು ಕರೆಯುವ ರಷ್ಯನ್ ಪದಗಳೂ ಹೀಗೇ ಒಂದಕ್ಕೊಂದು ಹೆಣೆದುಕೊಂಡಿವೆ. 'ಪಿಸಾತ್' ಅಂದರೆ ಬರೆಯುವುದು. ವರ್ಣಚಿತ್ರಕ್ಕೂ ಅದೇ ಕ್ರಿಯಾಪದ. ನಾವೂ ಚಿತ್ರ 'ಬರೆಯುವ' ಜನವಾದ್ದರಿಂದ ಇದು ಗೊತ್ತಾದ ದಿನ ನನಗೆ ತುಂಬ ಖುಷಿಯಾಗಿತ್ತು. ಅದರಿಂದ ಬಂದ 'ಪಿಸಾತೆಲ್' ಗೌರವದ ಲೇಖಕ, 'ಪಿಸಾಕ' ಮನಸ್ಸಿಗೆ ಬಂದಂತೆ ಗೀಚುವವ. 'ಸೊಚಿನೀತೆಲ್' ಹಿಂದೆ ಮರ್ಯಾದೆಯ ಪದವೇ ಆಗಿತ್ತು, ಈಗ ಅದಕ್ಕೆ ಕಟ್ಟುಕತೆ ಹೇಳುವವನ ವಾಸನೆ ಬಂದಿದೆ. ಕವಯಿತ್ರಿಗೆ 'ಪೊಎತೆಸ್ಸ' ಎಂಬ ಪದವಿದ್ದರೂ ಅಖ್ಮಾತೊವಾ ಅದನ್ನು ಸಹಿಸುತ್ತಿರಲಿಲ್ಲ. ತಾನು 'ಪೊಎತ್', ಕವಿ, ಅಷ್ಟೇ.

ನನ್ನನ್ನು ಹೆಚ್ಚು ಕಾಡುವುದು 'ಮೇಜಿನೊಳಕ್ಕೆ ಬರೆಯುವುದು' ಎಂಬ ನುಡಿಗಟ್ಟು. ಅಚ್ಚಾಗುವ ಆಸೆಯೇ ಇಲ್ಲದೆ ಬರೆದು ಮೇಜಿನ ಖಾನೆಯಲ್ಲಿಡುವುದು. ಕಾದಂಬರಿಕಾರ ಬುಲ್ಗಾಕೊವ್ ತೀರಿಕೊಂಡದ್ದು 1940ರಲ್ಲಿ. ಕೊನೆಯ ದಿನಗಳವರೆಗೂ ತಿದ್ದುತ್ತಿದ್ದ ಅವರ ದೊಡ್ಡ ಕಾದಂಬರಿ 'ಮಾಸ್ಟರ್ ಮತ್ತು ಮಾರ್ಗರಿಟಾ' ಸೆನ್ಸಾರಿನ ಕತ್ತರಿ ಹಾಕಿಸಿಕೊಂಡು ಪತ್ರಿಕೆಯಲ್ಲಿ ಬಂದದ್ದು 1966-67ರಲ್ಲಿ. ಖಾನೆಯಿಂದ ಹೊರಬಂದು ಟೈಪ್‌ರೈಟರಿನಲ್ಲಿ, ಕಾರ್ಬನ್ ಹಾಳೆಯಿಟ್ಟು, ಕೈಯಿಂದ ಕೈಗೆ ದಾಟಿದರೆ ಅದು 'ಸಮಿಜ್ದಾತ್'. ಸರ್ಕಾರಿ ಪ್ರಕಾಶನದ ಹೆಸರು ಗೊಸಿಜ್ದಾತ್. ಅದಕ್ಕೆ ಎದುರಾಗಿ ಕವಿ ಗ್ಲಜ್ಕೊವ್ 1940ರ ದಶಕದಲ್ಲಿ ತಾನೇ ಟೈಪು ಮಾಡಿದ ಕವಿತೆಗಳ ಮೇಲೆ 'ನನ್ನನ್ನು ನಾನೇ ಪ್ರಕಟಿಸಿದ್ದು' ಎಂಬ ಅರ್ಥದ ಪದ ಕಟ್ಟಿ ಬರೆದ, ಅದೇ ಮುಂದೆ ಚಿಕ್ಕದಾಯಿತು. ವಿದೇಶದಲ್ಲಿ ಅಚ್ಚಾದರೆ 'ತಮಿಜ್ದಾತ್'. 'ತಮ್' ಅಂದರೆ 'ಅಲ್ಲಿ'.

ಇತ್ತ ಸರ್ಕಾರವೂ ಪದಗಳನ್ನು ಹುಟ್ಟಿಸುತ್ತಿತ್ತು. 1932ರಲ್ಲಿ ಗೋರ್ಕಿಯ ಮನೆಯಲ್ಲಿ ಸೇರಿದ್ದ ಲೇಖಕರನ್ನು ಸ್ಟಾಲಿನ್ 'ಮಾನವ ಆತ್ಮಗಳ ಎಂಜಿನಿಯರುಗಳು' ಅಂದ. 1934ರಲ್ಲಿ ಲೇಖಕರ ಒಕ್ಕೂಟದ ಮೊದಲ ಮಹಾಧಿವೇಶನ. ಒಕ್ಕೂಟದ ಸದಸ್ಯತ್ವವಿದ್ದರೆ ನೀನು ಲೇಖಕ. ಇಲ್ಲದಿದ್ದರೆ 'ತುನೆಯಾದೆತ್ಸ್', ಬಿಟ್ಟಿ ಕೂಳು ತಿನ್ನುವವ, ನಮ್ಮ ಭಾಷೆಯಲ್ಲಿ ದಂಡಪಿಂಡ. 1964ರಲ್ಲಿ ಲೆನಿನ್‌ಗ್ರಾದ್‌ನ ಕೋರ್ಟಿನಲ್ಲಿ 23 ವರ್ಷದ ಕವಿ ಬ್ರಾಡ್‌ಸ್ಕಿಯ ಮೇಲೆ ಹೊರಿಸಿದ್ದು ಇದೇ ಆರೋಪ. ನಿನ್ನನ್ನು ಕವಿಗಳ ಸಾಲಿಗೆ ಸೇರಿಸಿದವರು ಯಾರು ಎಂದು ನ್ಯಾಯಾಧೀಶೆ ಕೇಳಿದಳು. ಯಾರೂ ಇಲ್ಲ, ನನ್ನನ್ನು ಮನುಷ್ಯರ ಸಾಲಿಗೆ ಸೇರಿಸಿದವರು ಯಾರು ಎಂದು ಅವನು ಕೇಳಿದ. ಐದು ವರ್ಷ ಗಡೀಪಾರು. ಈ ಮಾತುಕತೆ ನಮಗೆ ಸಿಕ್ಕಿದ್ದು ಫ್ರೀದಾ ವಿಗ್ದೊರೊವಾ ಎಂಬ ಪತ್ರಕರ್ತೆಯಿಂದ. ಬರೆದುಕೊಳ್ಳಬೇಡ ಎಂದು ಗದರಿಸಿದರೂ ಕೋರ್ಟಿನಲ್ಲಿ ಕೂತು ಟಿಪ್ಪಣಿ ಮಾಡಿಕೊಂಡವರು ಅವರು. ಟಿಪ್ಪಣಿ ಸಮಿಜ್ದಾತ್ ಆಗಿ ಹರಡಿತು, ದೇಶದಾಚೆಗೂ ಹೋಯಿತು. ಒಂದೂವರೆ ವರ್ಷದಲ್ಲಿ ಬ್ರಾಡ್‌ಸ್ಕಿ ಬಿಡುಗಡೆಯಾದ. ಅದಕ್ಕೆ ಒಂದು ತಿಂಗಳು ಮೊದಲು, 1965ರ ಆಗಸ್ಟಿನಲ್ಲಿ, ವಿಗ್ದೊರೊವಾ ತೀರಿಕೊಂಡಿದ್ದರು. ಇಂತೆಲಿಗೆಂತ್ ಅಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಈ ಹೆಂಗಸಿನ ಕತೆ.

ಕೆಲಸವಿಲ್ಲದವನು ಅಪರಾಧಿ ಎಂಬ ಕಾನೂನಿನಿಂದಲೇ ಮುಂದೆ ಕವಿಗಳು, ಹಾಡುಗಾರರು ಕಾವಲುಗಾರರಾದರು, ಕಸ ಗುಡಿಸಿದರು, ಬಾಯ್ಲರ್ ಕಾಯ್ದರು. ಪಾಳಿಯ ನಡುವೆ ಓದಲು ಬರೆಯಲು ಸಮಯ ಸಿಗುತ್ತಿತ್ತು. ಹಾಡುಗಾರ ವಿಕ್ತೊರ್ ತ್ಸೊಯ್ ಕಲ್ಲಿದ್ದಲು ಹಾಕುತ್ತಿದ್ದ ಲೆನಿನ್‌ಗ್ರಾದ್‌ನ ಬಾಯ್ಲರ್ ಕೋಣೆ ಈಗ ವಸ್ತುಸಂಗ್ರಹಾಲಯ.

ಪದಕ್ಕೆ ಬೈಗುಳದ ಮುಖವೂ ಇದೆ. 'ಗ್ನಿಲಾಯ ಇಂತೆಲಿಗೆನ್ತ್ಸಿಯ' ಅಂದರೆ ಕೊಳೆತ ಇಂತೆಲಿಗೆನ್ತ್ಸಿಯ. ಕನ್ನಡಕ ಹಾಕಿದವನಿಗೆ, ಹ್ಯಾಟಿಟ್ಟವನಿಗೆ ಬಸ್ಸಿನ ನೂಕುನುಗ್ಗಲಿನಲ್ಲಿ ಬೀಳುವ ಮಾತು, 'ನೋಡು, ಹ್ಯಾಟು ಬೇರೆ ಹಾಕಿದಾನೆ'. ಒಳಗಿನವರೂ ಸುಮ್ಮನಿರಲಿಲ್ಲ. ನಮ್ಮ ಇಂತೆಲಿಗೆನ್ತ್ಸಿಯದಲ್ಲಿ ನನಗೆ ನಂಬಿಕೆಯಿಲ್ಲ, ನಂಬಿಕೆಯಿರುವುದು ಬಿಡಿಬಿಡಿ ವ್ಯಕ್ತಿಗಳಲ್ಲಿ ಎಂದು ಚೆಕಾಫ್ 1899ರ ಒಂದು ಪತ್ರದಲ್ಲಿ ಬರೆದರು. ಕಾದಂಬರಿಕಾರ ಸೊಲ್ಜೆನಿತ್ಸಿನ್ 1974ರಲ್ಲಿ ಡಿಗ್ರಿಯಿದ್ದೂ ಬೆನ್ನುಮೂಳೆಯಿಲ್ಲದವರಿಗಾಗಿ 'ಒಬ್ರಜೊವಾನ್ಷಿನ' ಎಂಬ ಪದವನ್ನು ಟಂಕಿಸಿದರು. ವಿದ್ಯೆ ಎಂಬ ಪದಕ್ಕೆ ತಿರಸ್ಕಾರದ ಪ್ರತ್ಯಯ ಹಚ್ಚಿದ್ದು.

ಕನ್ನಡದ ತೊಡಕು ಇಲ್ಲಿಯೇ. ಈ ಬೈಗುಳಕ್ಕೆ ನಮ್ಮಲ್ಲಿ ಪದ ಹುಡುಕಬೇಕಿಲ್ಲ. ಟಿವಿ ಚರ್ಚೆಗಳಲ್ಲಿ, ಇದೇ ಫೇಸ್‌ಬುಕ್ಕಿನಲ್ಲಿ 'ಬುದ್ಧಿಜೀವಿ' ಅಂದರೆ ಈಗ ಬೈಗುಳವೇ. ಆ ಒಳ್ಳೆಯ ಪದವನ್ನು ನಾವು ಹೀಗೆ ಹಾಳುಮಾಡಿದ್ದು ನನಗೆ ನಿಜವಾಗಿ ನೋವು ಕೊಡುತ್ತದೆ. ಹೊಗಳಿಕೆಗೆ ಮಾತ್ರ ಪದ ಸಿಗುತ್ತಿಲ್ಲ. ಸೊಲೊವ್ಕಿಯ ಶಿಬಿರದಲ್ಲಿ ಸೆರೆಯಿದ್ದು ಬಂದ ವಿದ್ವಾಂಸ ಲಿಖಚೊವ್ ಕಿರಿಯರಿಗೆ ಬರೆದ ಪತ್ರಗಳಲ್ಲಿ ರಷ್ಯಾದ ಉತ್ತರದ ರೈತರನ್ನು ಇಂತೆಲಿಗೆಂತ್ನಿ ಅನ್ನುತ್ತಾರೆ. ಮನೆ ಚೊಕ್ಕಟವಾಗಿಡುವವರು, ಒಳ್ಳೆಯ ಹಾಡು ಬಲ್ಲವರು, ಬಂದವರನ್ನು ಆದರಿಸುವವರು, ಪರರ ದುಃಖ ಅರಿಯುವವರು. ಎದುರಾಳಿಯನ್ನು ಗೌರವಿಸಿ ವಾದಿಸುವುದು, ಸದ್ದಿಲ್ಲದೆ ನೆರವಾಗುವುದು, ಅವರ ಪ್ರಕಾರ ಗುಣ ಕಾಣುವುದು ಇಂಥ ಸಣ್ಣ ಸಂಗತಿಗಳಲ್ಲಿ.

'ಸುಸಂಸ್ಕೃತ' ಅಂದರೆ ಜಾತಿಯ, ಮನೆತನದ ನೆರಳು ಬೀಳುತ್ತದೆ. ಬಾಯ್ಲರ್ ಮುದುಕನಿಗೆ ಅದು ಬೇಡ. 'ಸಂಭಾವಿತ' ಹತ್ತಿರ ಬರುತ್ತದೆ, ನನ್ನ ಅಜ್ಜಿ ಬಳಸುತ್ತಿದ್ದ ಪದ. ಆದರೆ ಸಂಭಾವಿತನು ಜಗಳಕ್ಕೆ ಹೋಗುವವನಲ್ಲ, ಕೋರ್ಟಿನಲ್ಲಿ ಗದರಿಸಿದರೆ ಪೆನ್ನು ಮುಚ್ಚಿಡಬಹುದು. ಹಾಗಾಗಿ ಸ್ಪುಟ್ನಿಕ್, ಸೋವಿಯತ್, ಪೆರೆಸ್ತ್ರೋಯಿಕಗಳನ್ನು ತೆಗೆದುಕೊಂಡ ಕನ್ನಡ ಇಂತೆಲಿಗೆಂತನ್ನೂ ಹಾಗೇ ತೆಗೆದುಕೊಳ್ಳಲಿ ಎಂಬುದು ನನ್ನ ವಾದ. ಅಡಿಟಿಪ್ಪಣಿ ಬೇಡ. ಕತೆಯಲ್ಲಿ ಆ ಮುದುಕ ನಡೆದುಕೊಳ್ಳುವ ರೀತಿಯೇ ಅರ್ಥ ಹೇಳುತ್ತದೆ.

ಪ್ರಕಾಶಕರು ಒಪ್ಪುತ್ತಿಲ್ಲ, ಓದುಗರಿಗೆ ತೊಡಕಾಗುತ್ತದೆ ಅನ್ನುತ್ತಾರೆ. ಹಸ್ತಪ್ರತಿ ಕೊಡಲು ಹತ್ತು ದಿನ ಉಳಿದಿದೆ. ಧಾರವಾಡದ ಕಡೆ, ಕರಾವಳಿಯ ಕಡೆ, ಕೋಲಾರದ ಕಡೆ ಹಿರಿಯರ ಬಾಯಲ್ಲಿ ಇಂಥ ಮನುಷ್ಯನಿಗೆ ಒಂದು ಪದ ಇದ್ದರೆ ದಯವಿಟ್ಟು ಹೇಳಿ. ಸಿಕ್ಕರೆ ನನ್ನ ವಾದ ಈ ಕ್ಷಣವೇ ಬಿಡುತ್ತೇನೆ.