ಇಂಡಿಕೇಟರ್ ಹಾಕಿದರೆ ಬಿಸಿಯಾಗುವ ಕಾರು

ಹಳೇ ಕಾರು ಇಟ್ಟುಕೊಂಡವರು ಒಂದು ಕಣ್ಣು ರಸ್ತೆಯ ಮೇಲೆ, ಇನ್ನೊಂದು ಟೆಂಪರೇಚರ್ ಗೇಜಿನ ಮೇಲೆ ಇಟ್ಟಿರುತ್ತಾರೆ. ನನ್ನ ಕಾರಿನ ಗೇಜ್ ಕೆಟ್ಟ ಮೇಲೆ ನನ್ನ ಎರಡೂ ಕಣ್ಣು ಅದರ ಮೇಲೇ. ಪಕ್ಕದಲ್ಲಿ ಕೂರುತ್ತಿದ್ದ ಭಾವನದ್ದೂ ಸೇರಿದರೆ ನಾಲ್ಕು. ರಸ್ತೆಯನ್ನು ದೇವರೇ ನೋಡಿಕೊಳ್ಳುತ್ತಿದ್ದ.

ಭಾವನಿಗೆ ಕಾರು ಓಡಿಸಲು ಬರುವುದಿಲ್ಲ. ಹಾಗಾಗಿ ಸಲಹೆ ಕೊಡಲು ಬೇಕಾದಷ್ಟು ಬಿಡುವು. ಮುಳ್ಳು ನಡುವಿನಿಂದ ಬಿಸಿಯ ಗುರುತಾದ ಎಚ್ ಕಡೆ ಚೂರು ಹೋದರೂ ಸಾಕು, "ಏಯ್, ಎಚ್ ಹತ್ರ ಹೋಯ್ತು, ನಿಲ್ಸು ನಿಲ್ಸು!" ನಿಲ್ಲಿಸುತ್ತಿದ್ದೆ. ಬಾನೆಟ್ ಎತ್ತಿದರೆ ಹಬೆ ಇಲ್ಲ, ಸುಟ್ಟ ವಾಸನೆ ಇಲ್ಲ. ಇಂಜಿನ್ ತಂಪಾಗಿಡುವ ಕೂಲೆಂಟ್ ಇರಬೇಕಾದ ಗೆರೆಯಲ್ಲೇ ಇರುತ್ತಿತ್ತು.

"ರೇಡಿಯೇಟರ್ ಮುಚ್ಚಳ ತೆಗೆದು ನೋಡೋ."

"ಬಿಸಿ ಇರುವಾಗ ತೆಗೀಬಾರ್ದು ಭಾವ. ಒಳಗೆ ಒತ್ತಡ ಇರುತ್ತೆ. ಅದಕ್ಕೇ ನೀರು 100 ಡಿಗ್ರಿ ದಾಟಿದ್ರೂ ಕುದಿಯಲ್ಲ. ಮುಚ್ಚಳ ಬಿಚ್ಚಿದ್ರೆ ಒತ್ತಡ ಇಳಿದು ಒಂದೇ ಸಲಕ್ಕೆ ಕುದ್ದು ಮುಖಕ್ಕೆ ಹಾರುತ್ತೆ."

ಭಾವ ಸರಸರನೆ ಹಿಂದೆ ಸರಿದರು. ಸಲಹೆ ಅಲ್ಲಿಂದಲೇ ಮುಂದುವರಿಯಿತು.

ಮೆಕ್ಯಾನಿಕ್ ಮೊದಲು ಥರ್ಮೋಸ್ಟಾಟ್ ಬದಲಾಯಿಸಿದರು. ಇಂಜಿನ್ ಬಿಸಿಯಾಗುವ ತನಕ ರೇಡಿಯೇಟರಿನ ದಾರಿ ಮುಚ್ಚಿಟ್ಟುಕೊಂಡು, ಸುಮಾರು 80-90 ಡಿಗ್ರಿ ಆದಾಗ ಬಾಗಿಲು ತೆರೆಯುವ ಪುಟ್ಟ ಸಾಮಾನು ಅದು. ಮುಚ್ಚಿಕೊಂಡೇ ಉಳಿದರೆ ಇಂಜಿನ್ ನಿಜವಾಗಿಯೂ ಕುದಿಯುತ್ತದೆ. ತೆರೆದುಕೊಂಡೇ ಉಳಿದರೆ ಬಿಸಿಯಾಗಲು ಸತಾಯಿಸುತ್ತದೆ. ನನ್ನ ಕಾರು ಇವೆರಡೂ ಮಾಡುತ್ತಿರಲಿಲ್ಲ. ಆದರೆ ಯಾವುದನ್ನು ಬಿಚ್ಚುವುದು ಸುಲಭವೋ ಅದೇ ಮೊದಲು ಕೆಟ್ಟಿರುತ್ತದೆ ಅನ್ನುವುದು ಗ್ಯಾರೇಜುಗಳ ನಂಬಿಕೆ. ಮುಳ್ಳು ಮಾತ್ರ ಹೊಸ ಥರ್ಮೋಸ್ಟಾಟಿಗೂ ಅದೇ ಮರ್ಯಾದೆ ಕೊಟ್ಟಿತು. ಆಮೇಲೆ ಬಿಸಿ ಅಳೆದು ಗೇಜಿಗೆ ತಿಳಿಸುವ ಸೆನ್ಸರ್ ಬದಲಾಯಿಸಿದರು. ಅದಕ್ಕೂ ಅದೇ ಮರ್ಯಾದೆ.

ಇನ್ನು ಬಿಲ್ ಕಟ್ಟುವುದಕ್ಕಿಂತ ಓದುವುದೇ ಅಗ್ಗ ಅನ್ನಿಸಿತು. ಓದಿದರೆ ವಿಷಯ ಅಷ್ಟು ಕಷ್ಟದ್ದೇನಲ್ಲ. ಬಿಸಿ ಏರಿದಷ್ಟೂ ಸೆನ್ಸರಿನ ರೆಸಿಸ್ಟೆನ್ಸ್ ಇಳಿಯುತ್ತದೆ. ಕರೆಂಟ್ ಜಾಸ್ತಿ ಹರಿದು ಮುಳ್ಳು ಮೇಲೇರುತ್ತದೆ. ಹಾಗಾದರೆ ಸೆನ್ಸರಿನ ವೈರ್ ಕಿತ್ತರೆ ಮುಳ್ಳು ತಣ್ಣಗಿನ ಗುರುತಾದ ಸಿ ಕಡೆ ಬೀಳಬೇಕು. ಅದೇ ವೈರನ್ನು ಒಂದು ಕ್ಷಣ ಇಂಜಿನ್ನಿನ ಲೋಹಕ್ಕೆ ತಾಗಿಸಿದರೆ ಎಚ್ ಕಡೆ ಓಡಬೇಕು. ಒಂದೇ ವೈರಿನ ಹಳೇ ಸೆನ್ಸರುಗಳಿಗೆ ಇದು ಒಳ್ಳೆಯ ಪರೀಕ್ಷೆ. ಹಾಗಂತ ವೈರನ್ನು ತಾಗಿಸಿಕೊಂಡೇ ಯೋಚನೆ ಮಾಡುತ್ತಾ ನಿಂತರೆ ಗೇಜ್ ಹೋಗಿಬಿಡಬಹುದು. ನಮ್ಮ ಮುಳ್ಳು ಸಿ ಗೆ ಬಿತ್ತು, ಎಚ್ ಗೂ ಓಡಿತು. ಎರಡೂ ಪರೀಕ್ಷೆಯಲ್ಲಿ ಪಾಸು. ಪಾಸಾದ ಮೇಲೂ ಸುಳ್ಳು ಹೇಳುವುದನ್ನು ಬಿಡಲಿಲ್ಲ.

ಗುಟ್ಟು ಹಿಡಿದದ್ದು ಭಾವ. ಅಷ್ಟು ಹೊತ್ತು ಗೇಜ್ ದಿಟ್ಟಿಸಿದವರಿಗೆ ಏನಾದರೂ ಸಿಗಲೇಬೇಕಲ್ವಾ?

"ಬಲಕ್ಕೆ ತಿರುಗಿದ್ರೆ ಬಿಸಿ ಆಗುತ್ತೆ ನೋಡು."

ನಕ್ಕುಬಿಟ್ಟೆ. ಮುಂದಿನ ತಿರುವಿನಲ್ಲಿ ಮುಳ್ಳು ಎದ್ದಿತು. ಎಡಕ್ಕೆ ತಿರುಗಿದಾಗಲೂ ಎದ್ದಿತು. ನೇರ ರಸ್ತೆಯಲ್ಲಿ ತೆಪ್ಪಗಿತ್ತು.

"ತಿರುಗೋದು ಬಿಟ್ಬಿಡು," ಅಂದರು ಭಾವ. ಪರಿಹಾರವೂ ರೆಡಿ ಇತ್ತು.

ಕಾರು ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಕೀಲಿ ಮಾತ್ರ ಆನ್ ಇಟ್ಟು ಇಂಡಿಕೇಟರ್ ಹಾಕಿದೆ. ಟಿಕ್ ಅಂದರೆ ಮುಳ್ಳು ಮೇಲೆ, ಟಿಕ್ ಅಂದರೆ ಕೆಳಗೆ. ಹೆಡ್‌ಲೈಟ್ ಹಾಕಿದರೆ ಮೇಲೇರಿ ಅಲ್ಲೇ ನಿಂತಿತು. ನಿಂತ ಇಂಜಿನ್ ಇಂಡಿಕೇಟರಿನ ತಾಳಕ್ಕೆ ಬಿಸಿಯಾಗಿ ತಣ್ಣಗಾಗುವುದು ಸಾಧ್ಯವೇ? ಇನ್ನೂ ಮಜಾ ಏನೆಂದರೆ ಪಕ್ಕದ ಪೆಟ್ರೋಲ್ ಮುಳ್ಳೂ ಜೊತೆಗೆ ಕುಣಿಯುತ್ತಿತ್ತು. ಲೈಟ್ ಹಾಕಿದರೆ ಟ್ಯಾಂಕ್ ತುಂಬುತ್ತಿತ್ತು! ರಾತ್ರಿ ಹೊತ್ತು ಈ ಕಾರು ಎಷ್ಟು ಕಡಿಮೆ ಪೆಟ್ರೋಲ್ ಕುಡಿಯುತ್ತದೆ ಎಂದು ನಾನು ಹೊಗಳಿದ್ದೆಲ್ಲ ನೆನಪಾಯಿತು.

ಎರಡು ಮುಳ್ಳು ಒಟ್ಟಿಗೆ ಸುಳ್ಳು ಹೇಳಿದರೆ ಎರಡಕ್ಕೂ ಸೇರಿದ್ದೇನೋ ಕೆಟ್ಟಿರುತ್ತದೆ. ಕೆಲವು ಹಳೇ ಕಾರುಗಳಲ್ಲಿ ಗೇಜುಗಳಿಗೆ ಒಂದೇ ಸಮನೆ ವೋಲ್ಟೇಜ್ ಕೊಡುವ ಸ್ಟೆಬಿಲೈಸರ್ ಹೋಗಿರುತ್ತದೆ. ಲೈಟಿನ ಜೊತೆ ಕುಣಿದರೆ ಮಾತ್ರ ಅನುಮಾನ ಅರ್ತ್ ಮೇಲೆ, ಅಂದರೆ ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುವ ದಾರಿಯ ಮೇಲೆ. ಡ್ಯಾಶ್‌ಬೋರ್ಡ್ ಹಿಂದೆ ಗೇಜುಗಳೂ ಲೈಟುಗಳೂ ಒಂದೇ ಅರ್ತ್ ವೈರ್ ಹಂಚಿಕೊಂಡಿದ್ದವು. ಅದರ ಸ್ಕ್ರೂ ತುಕ್ಕು ಹಿಡಿದಿತ್ತು. ಲೈಟಿನ ಕರೆಂಟಿಗೆ ಆ ಕಿಷ್ಕಿಂಧೆಯಲ್ಲಿ ದಾರಿ ಸಾಲದೆ, ಅಲ್ಲಿ ಒಂದಿಷ್ಟು ವೋಲ್ಟೇಜ್ ಉಳಿದುಕೊಂಡು ಗೇಜಿನ ಲೆಕ್ಕ ತಪ್ಪಿಸುತ್ತಿತ್ತು.

ಆ ಸ್ಕ್ರೂ ಇರುವ ಜಾಗಕ್ಕೆ ಕೈ ಹೋಗಬೇಕಾದರೆ ಕಾಲು ಸೀಟಿನ ಮೇಲಿರಬೇಕು, ತಲೆ ಪೆಡಲುಗಳ ನಡುವೆ. ಕಾರು ಮಾಡಿದವರು ಮೊದಲು ಈ ಸ್ಕ್ರೂ ಹಾಕಿ, ಆಮೇಲೆ ಅದರ ಸುತ್ತ ಕಾರು ಕಟ್ಟಿರಬೇಕು. ಬ್ಯಾಟರಿ ವೈರ್ ಬಿಚ್ಚಿಟ್ಟು ಒಳಗೆ ತೂರಿದೆ. ಭಾವ ಟಾರ್ಚ್ ಹಿಡಿದರು, ಬಹುಪಾಲು ನನ್ನ ಕಣ್ಣಿಗೆ. ಉಪ್ಪುಕಾಗದದಿಂದ ತುಕ್ಕು ಉಜ್ಜಿ, ಲೋಹ ಹೊಳೆದ ಮೇಲೆ ಸ್ಕ್ರೂ ಬಿಗಿ ಮಾಡಿದೆ.

ಹೊರಗೆ ಬಂದು ಬ್ಯಾಟರಿ ಜೋಡಿಸಿ, ಕೀಲಿ ತಿರುಗಿಸಿ, ಲೈಟು ಇಂಡಿಕೇಟರ್ ಎಲ್ಲಾ ಹಾಕಿ ನೋಡಿದೆವು. ಬಿಸಿಯ ಮುಳ್ಳು ಅಲ್ಲಾಡಲಿಲ್ಲ. ಪೆಟ್ರೋಲ್ ಮುಳ್ಳೂ ಅಲ್ಲಾಡಲಿಲ್ಲ. ಅದು ಕೆಂಪು ಗೆರೆಯ ಕೆಳಗೆ ಮಲಗಿತ್ತು.

ಭಾವ ಬಗ್ಗಿ ಅದನ್ನೇ ನೋಡಿದರು. "ಆ ಸ್ಕ್ರೂ ಒಂಚೂರು ಸಡಿಲ ಮಾಡು," ಅಂದರು, "ಬಂಕ್ ತನಕವಾದ್ರೂ ಹೋಗೋಣ."