ಮಂಗಳಯಾನ ನೆಲಕ್ಕಿಳಿದಿಲ್ಲ, ಈಗ ಫೋಟೊ ಕಳಿಸುತ್ತಲೂ ಇಲ್ಲ

ಕಾರವಾರ, ಶಿರಸಿ ಕಡೆಯ ವಾಟ್ಸ್ಆ್ಯಪ್ ಗುಂಪುಗಳಲ್ಲಿ ‘ಮಂಗಳಯಾನ ಮಂಗಳನ ಮೇಲೆ ಇಳಿದು ಇಂದಿಗೂ ಫೋಟೊ ಕಳಿಸುತ್ತಿದೆ’ ಎಂಬ ಸಂದೇಶ ಓಡಾಡುತ್ತಿದೆ. ಎರಡೂ ಮಾತು ತಪ್ಪು.

ಸತ್ಯಾಂಶ: ಅದಕ್ಕೆ ಇಳಿಯುವ ಕಾಲಾಗಲಿ ಪ್ಯಾರಾಚೂಟ್ ಆಗಲಿ ಇರಲಿಲ್ಲ. 2014ರ ಸೆಪ್ಟೆಂಬರ್ 24ರಂದು ಸುಮಾರು 23 ನಿಮಿಷ ಎಂಜಿನ್ ಉರಿಸಿ, ವೇಗ ತಗ್ಗಿಸಿಕೊಂಡು ಕಕ್ಷೆ ಸೇರಿತು. ತೀರಾ ಹತ್ತಿರ ಬಂದಾಗಲೂ ನೆಲದಿಂದ ಸುಮಾರು 420 ಕಿ.ಮೀ. ಮೇಲೆ, ಹೆಚ್ಚುಕಡಿಮೆ ಶಿರಸಿ–ಬೆಂಗಳೂರು ರಸ್ತೆಯಷ್ಟು. ದೂರದ ತುದಿ ಸುಮಾರು 77,000 ಕಿ.ಮೀ. ಅಷ್ಟು ದೂರ ಹೋದದ್ದರಿಂದಲೇ ಇಡೀ ಗೋಳ ಒಂದೇ ಚಿತ್ರದಲ್ಲಿ ಸಿಕ್ಕಿತು. ಇದು ನಿಜಕ್ಕೂ ಹೆಮ್ಮೆಯ ವಿಷಯ.

2022ರ ಏಪ್ರಿಲ್‌ನಲ್ಲಿ ನೌಕೆ ದೀರ್ಘ ಗ್ರಹಣದ ನೆರಳಿಗೆ ಸಿಕ್ಕಿ ಸಂಪರ್ಕ ಕಡಿಯಿತು. ಇಂಧನವೂ ಮುಗಿದು, ಸೌರಫಲಕವನ್ನು ಸೂರ್ಯನತ್ತ ತಿರುಗಿಸಲಾಗದೆ ವಿದ್ಯುತ್ ನಿಂತಿರಬೇಕು ಎಂದು ಇಸ್ರೊ ಹೇಳಿತು. ಆರು ತಿಂಗಳಿಗೆಂದು ಕಟ್ಟಿದ ನೌಕೆ ಏಳೂವರೆ ವರ್ಷ ದುಡಿದಿತ್ತು.