ನೀವು ಕೊಟ್ಟ ಸೋಫಾ ಮಾರಿದರೆ ಮಾರಲಿ ಬಿಡಿ

ಹೋದ ವಾರದಿಂದ ನಮ್ಮ ಬಡಾವಣೆಯ ವಾಟ್ಸಾಪ್ ಗ್ರೂಪಿನಲ್ಲಿ ಒಂದೇ ಗಲಾಟೆ. ಒಬ್ಬರು ಮನೆಯ ಹಳೆಯ ಸೋಫಾ ಸೆಟ್ಟನ್ನು ಒಂದು ಟ್ರಸ್ಟಿಗೆ ಕೊಟ್ಟಿದ್ದರು. ಟ್ರಸ್ಟಿನವರೇ ಗಾಡಿ ತಂದು, ಒಂದು ರೂಪಾಯಿ ಕೇಳದೆ ಹೊತ್ತುಕೊಂಡು ಹೋಗಿದ್ದರು. ಈಗ ಆ ಸೋಫಾ ರಿಂಗ್ ರೋಡ್ ಕಡೆಯ ಯಾವುದೋ ಲಾಡ್ಜಿನಲ್ಲಿ ಕಣ್ಣಿಗೆ ಬಿದ್ದಿದೆ. ಮಾರಿಬಿಟ್ಟಿದ್ದಾರೆ! ಬಡವರ ಹೆಸರು ಹೇಳಿ ತಗೊಂಡು ವ್ಯಾಪಾರ ಮಾಡ್ತಾರೆ! ಅಲ್ಲಿಂದ ಶುರುವಾದದ್ದು ಈಗ ಎಲ್ಲ ಎನ್‌ಜಿಒಗಳೂ ಕಳ್ಳರು ಅನ್ನುವ ತನಕ ಬಂದಿದೆ. ಅಲ್ಲಿ ಉತ್ತರ ಬರೆದರೆ ಗುಡ್ ಮಾರ್ನಿಂಗ್ ಫೋಟೋಗಳ ನಡುವೆ ಕಳೆದುಹೋಗುತ್ತದೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಮಾತು ಇಷ್ಟೇ. ಮಾರಲಿ ಬಿಡಿ. ಮಾರದೇ ಹೋದರೆ ಆ ಉಚಿತ ಗಾಡಿ ನಿಮ್ಮ ಬಾಗಿಲಿಗೆ ಬರುವುದೇ ಇಲ್ಲ.

ನಾನೂ ಬಿಡುವಿದ್ದಾಗ ಒಂದು ಸಣ್ಣ ಟ್ರಸ್ಟಿನ ಜೊತೆ ಓಡಾಡುತ್ತೇನೆ. ಗ್ರೂಪಿನಲ್ಲಿ ಬೈಸಿಕೊಳ್ಳುತ್ತಿರುವುದು ಅದಲ್ಲ, ಬೇರೆ. ಆದರೆ ಲೆಕ್ಕ ಎಲ್ಲರದ್ದೂ ಒಂದೇ. ಕಲಬುರಗಿಯ ಒಳಗೇ ಒಂದು ಟಾಟಾ ಏಸ್ ಕರೆದರೆ ಏಳೆಂಟು ನೂರು ಇಲ್ಲದೆ ಯಾರೂ ಬರುವುದಿಲ್ಲ. ಅದು ಗಾಡಿಗೆ ಮಾತ್ರ. ಹೊರುವುದಕ್ಕೆ ಹಮಾಲರು ಬೇಕು. ಸೇಡಂ ರೋಡಿನ ಅಪಾರ್ಟ್‌ಮೆಂಟಿನ ಮೂರನೇ ಮಹಡಿ, ಲಿಫ್ಟಿನೊಳಗೆ ಸೋಫಾ ಹಿಡಿಸಲ್ಲ ಅಂದರೆ ಅವರ ಕೂಲಿಯೇ ಗಾಡಿ ಬಾಡಿಗೆಯನ್ನು ದಾಟುತ್ತದೆ. ಆಮೇಲೆ ಅದನ್ನು ಇಡಲು ಜಾಗ ಬೇಕು, ಜಾಗಕ್ಕೆ ಬಾಡಿಗೆ. ಮಳೆ ಬಂದರೆ ಹೊದಿಸೋಕೆ ತಾಡಪತ್ರಿ. ಮುರಿದ ಕಾಲು ಕೂರಿಸೋಕೆ ಬಡಿಗ. ಇಷ್ಟೆಲ್ಲ ಆದಮೇಲೆ ನಿಮ್ಮ ಸೋಫಾ "ಉಚಿತ"ವಾಗಿ ಹೋಯಿತು ಅಂತ ನಿಮಗೆ ಅನಿಸುತ್ತದೆ. ಉಚಿತ ಆದದ್ದು ನಿಮಗೆ ಮಾತ್ರ.

ಮಗನೋ ಮಗಳೋ ಅಮೆರಿಕದಲ್ಲಿದ್ದು, ಅಲ್ಲಿ ಆರು ತಿಂಗಳು ಇದ್ದು ಬಂದವರು ನಮ್ಮ ಕಡೆ ಈಗ ಬಹಳ ಜನ. ಅವರು ಹೇಳುತ್ತಾರೆ, ಅಲ್ಲಿ ಬರೀ ಹೆಸರು ಬರೆಸಿದರೆ ಸಾಕು, ಸಾಲ್ವೇಶನ್ ಆರ್ಮಿ ಅನ್ನುವ ಸೇವಾ ಸಂಸ್ಥೆಯವರು ಟ್ರಕ್ ತಂದು ಒಯ್ಯುತ್ತಾರೆ, ನಮ್ಮಲ್ಲಿ ಅಂಥ ವ್ಯವಸ್ಥೆಯೇ ಇಲ್ಲ ಅಂತ. ಒಯ್ಯುತ್ತಾರೆ, ಸುಳ್ಳಲ್ಲ. ಒಯ್ದ ಮೇಲೆ ಏನಾಗುತ್ತದೆ ಅನ್ನುವುದನ್ನು ಮಾತ್ರ ಯಾರೂ ಹೇಳಲ್ಲ. ಅಂಗಡಿಯಲ್ಲಿಟ್ಟು, ಬೆಲೆ ಚೀಟಿ ಅಂಟಿಸಿ, ಮಾರುತ್ತಾರೆ. ಆ ದುಡ್ಡಿನಲ್ಲಿ ಕುಡಿತ, ಡ್ರಗ್ಸ್ ಚಟ ಬಿಡಿಸುವ ಕೇಂದ್ರಗಳನ್ನು ನಡೆಸುತ್ತಾರೆ. ಹ್ಯಾಬಿಟಾಟ್ ಫಾರ್ ಹ್ಯುಮ್ಯಾನಿಟಿ ಅನ್ನುವ ಇನ್ನೊಂದು ಸಂಸ್ಥೆ ಇದೆ, ಬಡವರಿಗೆ ಮನೆ ಕಟ್ಟಲು ನೆರವಾಗುವಂಥದ್ದು. ಅದರ ರೀಸ್ಟೋರ್ ಅಂಗಡಿಗಳಲ್ಲೂ ಇದೇ ಕೆಲಸ. ಮೊದಲ ಅಂಗಡಿ ತೆರೆದದ್ದು 1991ರಲ್ಲಿ, ಕೆನಡಾದ ವಿನಿಪೆಗ್ ಊರಿನಲ್ಲಿ. ಹಳೆಯ ಬಾಗಿಲು, ಮೇಜು, ಕಪಾಟು ಮಾರಿ ಬಂದ ಹಣ ಮನೆ ಕಟ್ಟುವುದಕ್ಕೆ. ಬ್ರಿಟನ್ನಿನಲ್ಲಿ ಬ್ರಿಟಿಷ್ ಹಾರ್ಟ್ ಫೌಂಡೇಶನ್ ಮನೆಗೇ ಬಂದು ಉಚಿತವಾಗಿ ಸಾಮಾನು ಒಯ್ಯುತ್ತದೆ, ಮಾರುತ್ತದೆ, ಹೃದಯ ರೋಗದ ಸಂಶೋಧನೆಗೆ ಹಾಕುತ್ತದೆ. ಅಲ್ಲಿ ಯಾರೂ "ನನ್ನ ಕುರ್ಚಿ ಮಾರಿದ್ರು" ಅಂತ ಎದೆ ಬಡಿದುಕೊಳ್ಳುವುದಿಲ್ಲ, ಯಾಕೆಂದರೆ ಮಾರುತ್ತಾರೆ ಅಂತ ಗೊತ್ತಿದ್ದೇ ಕೊಟ್ಟಿರುತ್ತಾರೆ.

ಇನ್ನೂ ಒಂದು ಮಾತು. ಅಲ್ಲಿನವರು ಕೊಟ್ಟದ್ದನ್ನೆಲ್ಲ ತಗೊಳ್ಳಲ್ಲ. ಬ್ರಿಟನ್ನಿನಲ್ಲಿ 1988ರ ಒಂದು ಕಾನೂನಿದೆ, ಮೆತ್ತೆ ಇರುವ ಪೀಠೋಪಕರಣಕ್ಕೆ ಬೇಗ ಬೆಂಕಿ ಹಿಡಿಯಬಾರದು ಅಂತ. ಅದಕ್ಕೆ ಹೊಂದುತ್ತದೆ ಅಂತ ಅಂಟಿಸಿದ ಲೇಬಲ್ ಕಿತ್ತುಹೋಗಿದ್ದರೆ ಸೋಫಾ ಎಷ್ಟೇ ಚೆನ್ನಾಗಿರಲಿ, ಗಾಡಿಯವರು ಬಾಗಿಲಲ್ಲೇ ಬೇಡ ಅಂದು ಹೋಗುತ್ತಾರೆ. ನಮ್ಮಲ್ಲಿ ಬೇಡ ಅಂದು ನೋಡಿ! "ಭಿಕ್ಷೆ ಬೇಡೋರಿಗೆ ಎಷ್ಟು ಸೊಕ್ಕು" ಅಂತ ನಾನೇ ಕಿವಿಯಾರೆ ಕೇಳಿಸಿಕೊಂಡಿದ್ದೇನೆ. ಆ ಮನೆಯವರು ಕೊಡಲು ಹೊರಟಿದ್ದು ಏನು ಗೊತ್ತಾ? ತಗಣಿ ಹತ್ತಿದ ಗಾದಿ.

ಈ ಇಡೀ ಪದ್ಧತಿಯಲ್ಲಿ ನನಗೆ ತುಂಬಾ ಹಿಡಿಸಿದ್ದು ಗುಡ್‌ವಿಲ್ ಅನ್ನುವ ಅಮೆರಿಕದ ಸಂಸ್ಥೆ ಶುರುವಾದ ಬಗೆ. 1902ರಲ್ಲಿ ಬಾಸ್ಟನ್ನಿನಲ್ಲಿ ಎಡ್ಗರ್ ಹೆಲ್ಮ್ಸ್ ಅನ್ನುವ ಪಾದ್ರಿ ಗೋಣಿಚೀಲ ಹಿಡಿದು ಶ್ರೀಮಂತರ ಓಣಿಗಳಲ್ಲಿ ತಿರುಗಿ ಹಳೆಯ ಸಾಮಾನು ಕೂಡಿಸಿದರು. ಅದನ್ನು ಹಾಗೇ ಹಂಚಲಿಲ್ಲ. ಕೆಲಸ ಇಲ್ಲದ ಬಡವರನ್ನೇ ರಿಪೇರಿಗೆ ಕೂರಿಸಿದರು. ರಿಪೇರಿ ಆದದ್ದನ್ನು ಮಾರಿ ಅವರಿಗೆ ಕೂಲಿ ಕೊಟ್ಟರು. ನಮ್ಮ ಊರಿನಲ್ಲಿ ಬಡಿಗರಿಗೆ ಕೊರತೆಯೇ? ರೆಡಿಮೇಡ್ ಅಂಗಡಿಗಳು ಬಂದ ಮೇಲೆ ಎಷ್ಟು ಜನ ಬಡಿಗರು ರಂದಾ ಕೆಳಗಿಟ್ಟು ಸೆಂಟ್ರಿಂಗ್ ಕೆಲಸಕ್ಕೆ, ಪುಣೆಗೆ, ಹೈದರಾಬಾದಿಗೆ ಹೋಗಿದ್ದಾರೆ ನೋಡಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. "ಮಾರೋ ಬದಲು ಬಡವರಿಗೆ ಪುಕ್ಕಟೆ ಕೊಡಬಾರದಾ?" ಅಂತ ಗ್ರೂಪಿನಲ್ಲಿ ಒಬ್ಬರು ಕೇಳಿದ್ದರು. ಕೇಳೋಕೆ ಚೆನ್ನಾಗಿದೆ. ಆದರೆ ತಗೊಳ್ಳುವವರನ್ನು ಕೇಳಿದ್ದೀರಾ?

ನಮ್ಮ ಕಡೆ ಹಳೆಯ ಸಾಮಾನು ಹೊರಬೀಳುವುದು ಹೆಚ್ಚಾಗಿ ಮದುವೆ ಸೀಸನ್ನಿನಲ್ಲಿ. ಸೊಸೆಯ ಜೊತೆ ತವರಿನಿಂದ ಗಾಡಿ ತುಂಬ ಸಾಮಾನು ಬರುತ್ತದೆ. ಪಲಂಗ, ಗಾದಿ, ಅಲ್ಮೇರಾ, ಡ್ರೆಸಿಂಗ್ ಟೇಬಲ್, ಕೂಲರ್. ಹೊಸ ಅಲ್ಮೇರಾ ಒಳಗೆ ಬರಬೇಕಾದರೆ ಹಳೆಯದು ಹೊರಗೆ ಹೋಗಲೇಬೇಕು. ಆಗ ಟ್ರಸ್ಟಿನ ಫೋನ್ ನೆನಪಾಗುತ್ತದೆ. ಅದೇ ಏಪ್ರಿಲ್, ಮೇ ತಿಂಗಳಲ್ಲಿ ಇನ್ನೊಂದು ಮನೆಯಲ್ಲಿ ತಾಯಿಯೊಬ್ಬಳು ಮಗಳಿಗೆ ಅಲ್ಮೇರಾ ಕೊಡಿಸೋಕೆ ಬಡ್ಡಿಗೆ ರೊಕ್ಕ ತೆಗೆಯುತ್ತಿರುತ್ತಾಳೆ. ಈ ಕೊಡುಕೊಳ್ಳುವ ಪದ್ಧತಿಯೇ ತಪ್ಪು ಅಂತ ನೀವು ಹೇಳಬಹುದು, ನಾನೂ ಹೇಳುತ್ತೇನೆ. ಆದರೆ ಆ ತಾಯಿಯ ಮುಂದೆ ಭಾಷಣ ಮಾಡಿದರೆ ಮದುವೆ ನಡೆಯಲ್ಲ.

ಅಂಥ ಒಬ್ಬ ತಾಯಿ ನಮ್ಮ ಟ್ರಸ್ಟಿನ ಶೆಡ್ಡಿಗೆ ಬಂದಿದ್ದರು. ಗಂಜಿನಲ್ಲಿ, ಅಂದರೆ ಕಾಳಿನ ಮಾರುಕಟ್ಟೆಯಲ್ಲಿ, ತೊಗರಿ ಹಸನು ಮಾಡುವ ಕೆಲಸ. ಒಂದು ಕಬ್ಬಿಣದ ಅಲ್ಮೇರಾದ ಮುಂದೆ ನಿಂತು ಬಾಗಿಲು ತೆಗೆದರು, ಹಾಕಿದರು, ಮತ್ತೆ ತೆಗೆದರು. ಲಾಕರಿನ ಕೀಲಿ ತಿರುಗಿಸಿದರು. ಒಳಗಿನ ಹಲಗೆಯನ್ನು ಅಂಗೈಯಿಂದ ಒತ್ತಿ ನೋಡಿದರು. ಹಿಂದಿನ ಮನೆಯ ಮಕ್ಕಳು ಅಂಟಿಸಿದ್ದ ಕ್ರಿಕೆಟ್ ಸ್ಟಿಕರನ್ನು ಉಗುರಿನಿಂದ ಕೆರೆಯುತ್ತಾ ರೇಟು ಕೇಳಿದರು. ನಮ್ಮ ಹುಡುಗ ಒಬ್ಬ ಕನಿಕರದಿಂದ, "ಹಂಗೇ ಒಯ್ರಿ ಅಕ್ಕ, ರೊಕ್ಕ ಬ್ಯಾಡ" ಅಂದ. ಆ ಅಕ್ಕನ ಮುಖ ಗಟ್ಟಿಯಾಯಿತು. "ದಾನಾ ತಗೊಂಡಿದ್ದು ಮಗಳಿಗಿ ಹ್ಯಾಂಗ್ ಕೊಡ್ಲಪ್ಪಾ? ನಾಳಿ ಬೀಗರ ಮನ್ಯಾಗ ಅಕಿ ಏನ್ ಹೇಳ್ಬೇಕು? ರೇಟ್ ಹೇಳು" ಅಂದರು. ಚೌಕಾಸಿ ಮಾಡಿದರು, ಜೋರಾಗಿಯೇ ಮಾಡಿದರು. ಕೊನೆಗೆ 1,500ಕ್ಕೆ ಒಪ್ಪಿದರು. ಅರ್ಧ ಆಗ ಕೊಟ್ಟು, ಅರ್ಧ ವಾರದ ಪಗಾರಿಗೆ ಅಂದರು. ಪೇಂಟರ್ ಹತ್ತಿರ ಹಸಿರು ಬಣ್ಣ ಹೊಡೆಸಿ ಮಗಳಿಗೆ ಕೊಟ್ಟಿದ್ದಾರೆ. ಆ ಅಲ್ಮೇರಾ ಈಗ ಅವರು ಕೊಡಿಸಿದ್ದು. ನಿಮ್ಮದೂ ಅಲ್ಲ, ಟ್ರಸ್ಟಿನದ್ದೂ ಅಲ್ಲ.

ಪುಕ್ಕಟೆ ಹಂಚಿದ್ದರೆ ಏನಾಗುತ್ತಿತ್ತು ಹೇಳಲಾ? ಫೋಟೋ. ಅಲ್ಮೇರಾ ಒಂದು, ಹಿಡಿದುಕೊಂಡ ಕೈ ಹತ್ತು. ಹಿಂದೆ ಬ್ಯಾನರ್, ಮುಂದೆ ಆ ಹೆಣ್ಣುಮಗಳು, ನೆಲ ನೋಡುತ್ತಾ. ರೇಟು ಕೇಳಿ, ಚೌಕಾಸಿ ಮಾಡಿ, ಬೇಡ ಅನ್ನಿಸಿದರೆ ಬಿಟ್ಟು ಹೋಗುವವರ ಫೋಟೋ ಯಾರೂ ತೆಗೆಯಲ್ಲ. ಗಿರಾಕಿ ಅಲ್ವಾ!

ಹಾಗಂತ ಎಲ್ಲ ಕಾಲಕ್ಕೂ ಮಾರಬೇಕು ಅಂತಲ್ಲ. 2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿ ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಗಳಿಗೆ ನೀರು ನುಗ್ಗಿತಲ್ಲ, ಅಂಥ ಹೊತ್ತಿನಲ್ಲಿ ಬೆಲೆ ಚೀಟಿ ಹಿಡಿದು ನಿಲ್ಲುವವನು ಮನುಷ್ಯನೇ ಅಲ್ಲ. ಆಗ ಹಂಚಬೇಕು, ಬೇಗ ಹಂಚಬೇಕು. ವೃದ್ಧಾಶ್ರಮ, ಅನಾಥ ಮಕ್ಕಳ ಹಾಸ್ಟೆಲ್ ಇವಕ್ಕೂ ನೇರ ಕೊಡುವುದೇ ಸರಿ. ಆದರೆ ಅವರಿಗೂ ಬೇಕಾದದ್ದು ಕೊಡಿ.

ಬೇಕಾದದ್ದು ಅಂದೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ತಗಡಿನ ಛಾವಣಿಯ ಒಂದು ಖೋಲಿ, ಶಹಾಬಾದ್ ಕಲ್ಲಿನ ನೆಲ, ಅದರೊಳಗೇ ಒಲೆ, ಅದರೊಳಗೇ ಐದು ಜನ. ಅಲ್ಲಿ ನಿಮ್ಮ ಎಲ್ ಆಕಾರದ ಸೋಫಾ ಎಲ್ಲಿ ಇಡುತ್ತಾರೆ? ಇಟ್ಟರೆ ಮನುಷ್ಯರು ಹೊರಗೆ ಮಲಗಬೇಕು. ಅಂಥ ಸೋಫಾ ಲಾಡ್ಜಿಗೆ ಹೋಗುವುದೇ ಸರಿ, ಅಲ್ಲಿ ಸಿಕ್ಕ ದುಡ್ಡಿನಲ್ಲಿ ಎಷ್ಟೋ ಕಬ್ಬಿಣದ ಪಲಂಗ ಬರುತ್ತವೆ. ಜನ ಕೇಳಿಕೊಂಡು ಬರುವುದು ಕಬ್ಬಿಣದ ಪಲಂಗ, ಅಲ್ಮೇರಾ, ಟ್ರಂಕು, ಪ್ಲಾಸ್ಟಿಕ್ ಕುರ್ಚಿ, ಮಕ್ಕಳು ಓದೋಕೆ ಒಂದು ಸಣ್ಣ ಟೇಬಲ್. ಸಾಗವಾನಿ ಸಾಮಾನು ಎಷ್ಟೇ ಹಳೆಯದಾಗಲಿ, ಕೀಲು ಬಿಚ್ಚಿ ಮತ್ತೆ ಕೂರಿಸಬಹುದು. ಈಗಿನ ಪಾರ್ಟಿಕಲ್ ಬೋರ್ಡ್ ಕಪಾಟು ಹಾಗಲ್ಲ. ಮರದ ಪುಡಿ ಮತ್ತು ಅಂಟು ಸೇರಿಸಿ ಒತ್ತಿ ಮಾಡಿದ ಹಲಗೆ ಅದು. ಒಮ್ಮೆ ಸ್ಕ್ರೂ ಬಿಚ್ಚಿದರೆ ಆ ತೂತು ಉದುರುತ್ತದೆ, ಎರಡನೇ ಸಲ ಹಿಡಿಯಲ್ಲ. ನೀರು ತಾಗಿದರೆ ಹಪ್ಪಳದ ಹಾಗೆ ಉಬ್ಬುತ್ತದೆ. ನಾಲ್ಕನೇ ಮಹಡಿಯಿಂದ ಅದನ್ನು ಬಿಚ್ಚಿ ಇಳಿಸಿ, ಶೆಡ್ಡಿಗೆ ತಂದು ಜೋಡಿಸಲು ಕೂತರೆ ಕೊನೆಗೆ ಉಳಿಯುವುದು ಒಲೆಗೂ ಆಗದ ಕಸ. ಅದನ್ನು ಎಸೆಯುವ ಖರ್ಚೂ ಟ್ರಸ್ಟಿನ ತಲೆ ಮೇಲೆ.

ಆದ್ದರಿಂದ ನಾಲ್ಕು ಫೋಟೋ ಮೊದಲೇ ಕಳಿಸಿ. ಮುಂದಿನಿಂದ ಮಾತ್ರ ಅಲ್ಲ, ಹಿಂದಿನಿಂದ, ಕೆಳಗಿನಿಂದ. ವರಲಿ (ಗೆದ್ದಲು) ಹತ್ತಿದ್ದರೆ ಹೇಳಿ. ಪಲಂಗ ಬಿಚ್ಚಿಟ್ಟಿದ್ದರೆ ನಟ್ಟು ಬೋಲ್ಟನ್ನು ಒಂದು ಕವರಿನಲ್ಲಿ ಹಾಕಿ ಅದಕ್ಕೇ ಕಟ್ಟಿ. ಅಜ್ಜ ತೀರಿಕೊಂಡ ಪಲಂಗ ಅಂತಿದ್ದರೆ ಅದನ್ನೂ ಹೇಳಿ, ನಾಚಿಕೆ ಏನೂ ಇಲ್ಲ. ನಮ್ಮ ಜನ ಕೇಳುತ್ತಾರೆ, ಕೆಲವರು ಬೇಡ ಅನ್ನುತ್ತಾರೆ, ಕೆಲವರು ಗೋಮೂತ್ರ ಚಿಮುಕಿಸಿ ಒಯ್ಯುತ್ತಾರೆ. ನಿರ್ಧಾರ ಅವರದ್ದು.

ಕೈಲಾದರೆ ಗಾಡಿ ಬಾಡಿಗೆಯನ್ನು ನೀವೇ ಕೊಡಿ. ಇಪ್ಪತ್ತು ಲಕ್ಷದ ಇಂಟೀರಿಯರ್ ಮಾಡಿಸುವವರಿಗೆ ಅದು ಜಾಸ್ತಿ ಏನಲ್ಲ. "ಇನ್ಕಮ್ ಟ್ಯಾಕ್ಸಿಗೆ ತೋರಿಸೋಕೆ ರಸೀದಿ ಕೊಡ್ತೀರಾ?" ಅಂತ ಕೇಳುವವರಿಗೂ ಒಂದು ಮಾತು. ಅಮೆರಿಕದಲ್ಲಿ ಕೊಟ್ಟ ವಸ್ತುವಿನ ಬೆಲೆಗೂ ತೆರಿಗೆ ರಿಯಾಯಿತಿ ಸಿಗಬಹುದು, ಅಲ್ಲಿ ಜನ ಇಷ್ಟು ಕೊಡುವುದಕ್ಕೆ ಅದೂ ಒಂದು ಕಾರಣ. ನಮ್ಮಲ್ಲಿ ದಾನಕ್ಕೆ ಸಿಗುವ, ಜನ 80ಜಿ ಅನ್ನುವ ಆದಾಯ ತೆರಿಗೆ ರಿಯಾಯಿತಿ ಹಣಕ್ಕೆ ಮಾತ್ರ, ಸೋಫಾಕ್ಕೆ ಇಲ್ಲ. ಹಣವಾದರೂ 2,000ಕ್ಕಿಂತ ಮೇಲೆ ನಗದಾಗಿ ಕೊಟ್ಟರೆ ನಡೆಯಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಅದೂ ಇಲ್ಲ.

ಇನ್ನು ಟ್ರಸ್ಟಿನವರಿಗೆ. ನಮ್ಮ ಗ್ರೂಪಿನವರ ಸಿಟ್ಟಿನಲ್ಲಿ ಒಂದು ಪಾಲು ನ್ಯಾಯವೂ ಇದೆ. ಸೋಫಾ ಒಯ್ಯುವಾಗ "ಅನಾಥಾಶ್ರಮದ ಮಕ್ಕಳಿಗೆ" ಅಂತ ಹೇಳಿ, ಆಮೇಲೆ ಲಾಡ್ಜಿಗೆ ಮಾರಿದರೆ ಅದು ಮೋಸವೇ. ಮಾರುವುದು ತಪ್ಪಲ್ಲ, ಮುಚ್ಚಿಡುವುದು ತಪ್ಪು. ಬಾಗಿಲಲ್ಲೇ ಹೇಳಿಬಿಡಿ, ಮಾರುತ್ತೇವೆ, ಬಂದ ದುಡ್ಡು ಇಂಥ ಕೆಲಸಕ್ಕೆ ಹೋಗುತ್ತದೆ ಅಂತ. ಶೆಡ್ಡಿನ ಗೋಡೆ ಮೇಲೆ ತಿಂಗಳ ಲೆಕ್ಕ ಬರೆದು ಹಾಕಿ. ಕೊಡುವವರೂ ಸುಮ್ನೆ ಯಾರಿಗೋ ಫೋನ್ ಹಚ್ಚಬೇಡಿ. ಹಳೆಯ ಸಾಮಾನಿನ ವ್ಯಾಪಾರಿಗಳೇ ಸೇವೆ, ದಾನ ಅಂತ ಬೋರ್ಡ್ ಹಾಕಿಕೊಂಡು ಪುಕ್ಕಟೆ ಮಾಲು ಎತ್ತುವುದೂ ಇದೆ. ನೀತಿ ಆಯೋಗದ ಎನ್‌ಜಿಒ ದರ್ಪಣ್ ಪೋರ್ಟಲ್ಲಿನಲ್ಲಿ ಹೆಸರು ಹಾಕಿ ನೋಡಿ. ಎಲ್ಲ ಒಳ್ಳೆಯ ಸಂಸ್ಥೆಗಳೂ ಅಲ್ಲಿ ಇರಬೇಕೆಂದಿಲ್ಲ, ಇದ್ದವೆಲ್ಲ ಒಳ್ಳೆಯವೂ ಅಲ್ಲ, ಆದರೂ ಶುರುವಿಗೆ ಸಾಕು. ಆಮೇಲೆ ಒಮ್ಮೆ ಅವರ ಶೆಡ್ಡಿಗೆ ಹೋಗಿ ಬನ್ನಿ.

2023ರ ಮೇ ತಿಂಗಳಲ್ಲಿ ಕೇಂದ್ರ ಸರಕಾರ ನಗರಗಳಲ್ಲಿ ಆರ್‌ಆರ್‌ಆರ್ ಕೇಂದ್ರ, ಅಂದರೆ ಬೇಡವಾದ ಸಾಮಾನನ್ನು ಮರುಬಳಕೆಗೆ ಕೂಡಿಸುವ ಜಾಗ, ತೆರೆಸುವ ಅಭಿಯಾನ ಮಾಡಿತ್ತು. ಹಳೆಯ ಬಟ್ಟೆ, ಪುಸ್ತಕ, ಚಪ್ಪಲಿ ತಂದು ಕೊಡಿ ಅಂತ. ತಂದು ಕೊಡಿ ಅಂದರೆ ಚಪ್ಪಲಿ ತರಬಹುದು, ಅಲ್ಮೇರಾ ತಲೆ ಮೇಲೆ ಹೊತ್ತು ತರೋಕಾಗುತ್ತಾ? ಪಾಲಿಕೆಯ ಒಂದು ಗಾಡಿ ತಿಂಗಳಿಗೆ ಒಂದು ಭಾನುವಾರ ವಾರ್ಡುಗಳಲ್ಲಿ ತಿರುಗಿದರೆ ಸಾಕು, ಉಳಿದದ್ದನ್ನು ಟ್ರಸ್ಟಿನವರು, ಬಡಿಗರು ನೋಡಿಕೊಳ್ಳುತ್ತಾರೆ. ನಮ್ಮ ವಾರ್ಡಿನ ಸದಸ್ಯರು ಈ ಬರಹ ಓದುತ್ತಾರೆ ಅಂತ ಗೊತ್ತು, ಲೈಕ್ ಒತ್ತಿ ಹೋಗಬೇಡಿ, ಸಭೆಯಲ್ಲಿ ಎತ್ತಿ.

ಕೊನೆಗೆ ಕೂಲರ್ ವಿಷಯ, ಯಾಕಂದರೆ ಇದನ್ನು ಪ್ರತಿ ವರ್ಷ ಹೇಳಬೇಕಾಗುತ್ತದೆ. ಎಸಿ ಹಾಕಿಸಿದವರೆಲ್ಲ ಹಳೆಯ ಕೂಲರನ್ನು ಬಾಲ್ಕನಿಯಲ್ಲಿ ಇಟ್ಟುಕೊಂಡು, ಜೂನಿನಲ್ಲಿ ಮಳೆ ಬಿದ್ದ ಮೇಲೆ ಫೋನ್ ಮಾಡುತ್ತೀರಿ. ನಮ್ಮೂರಿನ ಬಿಸಿಲು ಗೊತ್ತಲ್ಲ, ತಗಡಿನ ಮನೆಯವರಿಗೆ ಅದು ಬೇಕಾಗಿದ್ದು ಮಾರ್ಚಿನಲ್ಲಿ. ಶಿವರಾತ್ರಿ ಮುಗಿದ ಕೂಡಲೇ ಹೇಳಿ. ಪಂಪು ಓಡುತ್ತದೋ ಇಲ್ಲವೋ ನೋಡಿ, ತೊಟ್ಟಿಯ ತಳ ತುಕ್ಕು ಹಿಡಿದು ಸೋರುತ್ತಿದ್ದರೆ ಅದನ್ನೂ ಹೇಳಿ. ಕೂಲರಿನ ಪ್ಯಾಡಿನ ಹುಲ್ಲು ನಾವು ಬದಲಾಯಿಸಿಕೊಳ್ಳುತ್ತೇವೆ. ಮತ್ತೆ, ಹೌದು, ಅದನ್ನೂ ಮಾರುತ್ತೇವೆ.